ಕೆಂಪಕ್ಷರದ ಸ್ನಾನದ ಕುರ್ಚಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಗುಟ್ಟು ಕಾಪಾಡಿದ ಒಬ್ಬ ಮನುಷ್ಯನ ಕತೆಯನ್ನು ಹತ್ತು ಜನರ ಮುಂದೆ ಹೇಳುವುದು ಎಂಥ ನ್ಯಾಯ ಎಂದು ನೀವು ಕೇಳಬಹುದು. ನಾನು ಬರೆಯಲು ಕಲಿತದ್ದೇ ಸಂಜೆಯ ತರಗತಿಯಲ್ಲಿ, ಅದರಲ್ಲೂ ಎರಡು ವಾರ ಜ್ವರ ಬಂದು ತಪ್ಪಿಹೋಯಿತು. ಆದ್ದರಿಂದ ನನ್ನ ಕೈಲಾದಷ್ಟು ಎಚ್ಚರ ವಹಿಸಿದ್ದೇನೆ. ಊರಿನ ಹೆಸರು, ಬೀದಿಯ ಹೆಸರು, ಜನರ ಹೆಸರು ಎಲ್ಲ ಬದಲಿಸಿದ್ದೇನೆ. ಮುಖ್ಯವಾದ ಇಬ್ಬರಿಂದ ಕಾಗದದ ಮೇಲೆ ರುಜು ಹಾಕಿಸಿಕೊಂಡಿದ್ದೇನೆ. ಅದರಲ್ಲಿ ಹಿರಿಯರಾದವರು, "ನಿನ್ನ ಭಾಷೇಲೇ ಬರಿ, ನಮ್ಮೂರಲ್ಲಿ ಅದನ್ನ ಓದೋರು ನಿನ್ನ ಬಿಟ್ಟರೆ ಯಾರೂ ಇಲ್ಲ. ನನ್ನ ವಯಸ್ಸು ಮಾತ್ರ ನಾಲ್ಕು ವರ್ಷ ಕಡಿಮೆ ಹಾಕು," ಎಂದರು. ಹಾಕಿದ್ದೇನೆ.

ತೊಂದರೆ ಶುರುವಾದದ್ದು ಒಂದು ರಟ್ಟಿನ ಡಬ್ಬದಿಂದ.

ಗೋಧಿ ಹೊಲಗಳ ನಡುವೆ ಇರುವ ವಾಂಬೆಲಾ ಊರಿನ ಥೆರಪಿ ಕ್ಲಿನಿಕ್ಕಿನಲ್ಲಿ ಕೀತ್ ಪಾಸ್ಕೊ ಸಹಾಯಕನಾಗಿದ್ದ. ಬಿದ್ದು ಎದ್ದವರಿಗೆ, ಕೈಕಾಲು ಸೋತವರಿಗೆ ಊರುಗೋಲು, ಹಿಡಿಕೆ, ಕುರ್ಚಿ ಇತ್ಯಾದಿ ತಲುಪಿಸಿ, ಅವನ್ನು ಬಳಸುವ ರೀತಿ ತೋರಿಸಿಕೊಡುವುದು ಅವನ ಕೆಲಸ. ನಲವತ್ತೈದರವರೆಗೆ ಗೋಧಿ ಗೋದಾಮಿನಲ್ಲಿ ತೂಕ ನೋಡುತ್ತಿದ್ದವನು, ಆಮೇಲೆ ಸಂಜೆ ಹೊತ್ತು ಓದಿ ಈ ಕೆಲಸಕ್ಕೆ ಬಂದಿದ್ದ. ಓದಿದ್ದರಲ್ಲಿ ಒಂದು ಪಾಠ ಮಾತ್ರ ಅವನ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಇಂಥವರು ನಿಮ್ಮ ಕ್ಲಿನಿಕ್ಕಿಗೆ ಬರುತ್ತಾರೆಯೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನಬಾರದು, ಇಲ್ಲ ಎಂದೂ ಎನ್ನಬಾರದು. ಒಮ್ಮೆ ಅಂಗಡಿಯಲ್ಲಿ ಒಬ್ಬ ಹೆಂಗಸು, "ಏನು ಕೀತ್, ನನ್ನ ಗುರುತು ಸಿಕ್ಕಿತಾ?" ಎಂದಾಗಲೂ ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಆಕೆ ಅವನ ಅತ್ತೆ.

ಆ ಗುರುವಾರ ಅವನು ಒಂದು ಸ್ನಾನದ ಕುರ್ಚಿಯನ್ನು ಆಕೇಶಿಯಾ ಬೀದಿಯ ಎಂಟನೇ ನಂಬರಿಗೆ, ಊನಾ ಹ್ಯಾಲೊರನ್ ಅವರ ಮನೆಗೆ ತಲುಪಿಸಬೇಕಿತ್ತು. ಅವರಿಗೆ ಎಪ್ಪತ್ತೆಂಟು ವರ್ಷ. ನಲವತ್ತು ವರ್ಷ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿದವರು. ವಾಂಬೆಲಾದಲ್ಲಿ ಮೂವತ್ತು ದಾಟಿದ ಯಾರನ್ನೇ ಕೇಳಿ, ಅವರ ಗಲ್ಲದ ಕೆಳಗೆ ಒಂದು ಕಾಲದಲ್ಲಿ ಮಿಸೆಸ್ ಹ್ಯಾಲೊರನ್ ಅವರ ಅಂಗೈ ಇತ್ತು. ಮೂರು ವಾರದ ಹಿಂದೆ ಅವರು ಬಚ್ಚಲಿನಲ್ಲಿ ಜಾರಿ ಬಿದ್ದಿದ್ದರು. ಮೂಳೆ ಮುರಿದಿರಲಿಲ್ಲ. ಆದರೆ ಅಂದಿನಿಂದ ಶವರ್ ಕೆಳಗೆ ನಿಲ್ಲಲು ಹೆದರಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ದಿನ ದೂಡುತ್ತಿದ್ದರು.

ವಿಷಯವನ್ನು ಯಾರ್ಯಾರಿಗೆ ತಿಳಿಸಬಹುದು ಎಂದು ಕೇಳುವ ಒಪ್ಪಿಗೆ ಪತ್ರದಲ್ಲಿ ಅವರು ಮಗಳು, ನೆರೆಯವರು, ಸ್ನೇಹಿತರು ಎಲ್ಲರ ಮುಂದೂ ಗೀಟು ಎಳೆದು, ಕೆಳಗೆ ದಪ್ಪ ಅಕ್ಷರದಲ್ಲಿ 'ಯಾರಿಗೂ ಇಲ್ಲ' ಎಂದು ಬರೆದಿದ್ದರು.

"ನೋಡು ಕೀತ್, ಈ ಊರಿಗೆಲ್ಲ ನೀರಿನ ಭಯ ಬಿಡಿಸಿದವಳು ನಾನು. ಈಗ ನನಗೇ ಬಚ್ಚಲ ನೀರು ಕಂಡ್ರೆ ಕಾಲು ನಡುಗುತ್ತೆ ಅಂತ ಒಬ್ಬರಿಗೆ ಗೊತ್ತಾದ್ರೂ ನಿನ್ನ ಕುರ್ಚಿ ನನಗೆ ಬೇಡ. ತರಲೇಬೇಡ. ನಿಂತೇ ಸ್ನಾನ ಮಾಡ್ತೀನಿ. ಬಿದ್ದರೆ ಬಿದ್ದೆ."

ಆ ವಯಸ್ಸಿನಲ್ಲಿ ಎರಡನೇ ಸಲ ಬಿದ್ದರೆ ಏನಾಗುತ್ತದೆ ಎಂದು ಕೀತ್‌ಗೆ ಗೊತ್ತಿತ್ತು. ಕುರ್ಚಿ ಅವರ ಮನೆ ಸೇರಲೇಬೇಕು, ಯಾರಿಗೂ ತಿಳಿಯಲೂಬಾರದು.

ಆದರೆ ಕುರ್ಚಿ ಬಂದ ಡಬ್ಬದ ಮೇಲೆ, ಬಿಳಿಗೂದಲಿನ ಅಜ್ಜಿಯೊಬ್ಬರು ಅದೇ ಕುರ್ಚಿಯಲ್ಲಿ ಕೂತು, ತಲೆಯ ಮೇಲೆ ನೀರು ಸುರಿಯುತ್ತಿದ್ದರೂ ಲಾಟರಿ ಹೊಡೆದವರ ಹಾಗೆ ನಗುತ್ತಿರುವ ದೊಡ್ಡ ಬಣ್ಣದ ಚಿತ್ರವಿತ್ತು. ಆ ಅಜ್ಜಿ ನೋಡಲು ಮಿಸೆಸ್ ಹ್ಯಾಲೊರನ್ ಅವರ ತಂಗಿಯ ಹಾಗಿದ್ದರು. ಕೀತ್ ಡಬ್ಬವನ್ನು ಹರಿದು ಎಸೆದ. ಕುರ್ಚಿಗೆ ಹೂವಿನ ಚಿತ್ರದ ಹಾಸಿಗೆ ಹೊದಿಕೆ ಸುತ್ತಿದ. ಕ್ಲಿನಿಕ್ಕಿನ ಕಾರಿನ ಬಾಗಿಲ ಮೇಲೆ ಕ್ಲಿನಿಕ್ಕಿನ ಹೆಸರೇ ಇದ್ದುದರಿಂದ, ಅದನ್ನು ಅವರ ಮನೆ ಮುಂದೆ ನಿಲ್ಲಿಸುವ ಹಾಗಿಲ್ಲ ಎಂದುಕೊಂಡು ಎರಡು ಬೀದಿ ಆಚೆ ಬೇಕರಿಯ ಹತ್ತಿರ ನಿಲ್ಲಿಸಿದ. ಹೊದಿಕೆ ಸುತ್ತಿದ ಕುರ್ಚಿಯನ್ನು ಎದೆಗೆ ಅವಚಿಕೊಂಡು, ಮದುಮಗಳನ್ನು ಎತ್ತಿಕೊಂಡು ಓಡಿಹೋಗುವವನ ಹಾಗೆ ಹೊರಟ.

ಬೇಕರಿಯ ರೇಲೀನ್ ಗಾಜು ಒರೆಸುತ್ತಿದ್ದಳು.

"ಏನು ಚಿನ್ನಾ, ಅದೇನು ಹೊತ್ಕೊಂಡು ಹೊರಟೆ?"

"ಸಾಮಾನು."

"ಸಾಮಾನಿಗೆ ನಾಲ್ಕು ಕಾಲಿದೆಯಲ್ಲ!"

"ಮೇಜು."

"ಅಂಗಾಲಿಗೆ ರಬ್ಬರ್ ಹಾಕಿರೋ ಮೇಜಾ? ಎಲ್ಲಿ, ನೋಡೋಣ."

ಹೊಲಗಳ ಕಡೆಯಿಂದ ಬಂದ ಗಾಳಿಗೂ ಅದನ್ನು ನೋಡುವ ಆಸೆಯಾಯಿತೇನೋ. ಹೊದಿಕೆ ಹಾರಿ ಬೇಕರಿಯ ಬೋರ್ಡಿಗೆ ಸಿಕ್ಕಿಕೊಂಡಿತು. ಎದುರಿನ ಹಾರ್ಡ್‌ವೇರ್ ಅಂಗಡಿಯಿಂದ ಬ್ಯಾರಿ ಟ್ರೆಲೋರ್ ಓಡಿಬಂದ. ಊರಿನಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಮನೆಯವರಿಗಿಂತ ಮೊದಲು ತಿಳಿಯುತ್ತಿದ್ದದ್ದು ಅವನಿಗೆ.

"ಅರೆ, ಸ್ನಾನದ ಕುರ್ಚಿ! ನಮ್ಮಮ್ಮನ ಹತ್ರ ಇತ್ತು ಇಂಥದ್ದು. ಯಾರಿಗೆ ಗುರೂ?"

"ಹೇಳೋ ಹಾಗಿಲ್ಲ ಬ್ಯಾರಿ."

"ಹೇಳಬೇಡ, ನಾನೇ ಹೇಳ್ತೀನಿ. ನೀನು ಹೊರಟಿರೋದು ಆಕೇಶಿಯಾ ಬೀದಿ ಕಡೆಗೆ. ಅಲ್ಲಿರೋದೇ ನಾಲ್ಕು ಮನೆ. ಎರಡನೇ ನಂಬರಿನ ಡಗ್‌ಗಾ?"

"ಛೆ, ಅವನಿಗಲ್ಲ."

"ನಾಲ್ಕರಲ್ಲಿ ಪಾದ್ರಿಗಳು?"

"ಅವರಿಗೂ ಅಲ್ಲಪ್ಪ, ಬಿಡು."

"ಆರನೇ ನಂಬರ್ ಖಾಲಿ ಬಿದ್ದಿದೆ," ಎಂದು ಬ್ಯಾರಿ ಬೆರಳು ಮಡಚಿದ.

ಕೀತ್‌ಗೆ ಆಗ ತನ್ನ ತಪ್ಪು ಹೊಳೆಯಿತು. ಇಲ್ಲ ಎಂದೂ ಎನ್ನಬಾರದು ಎಂದು ಸಂಜೆ ತರಗತಿಯಲ್ಲಿ ಹೇಳಿಕೊಟ್ಟದ್ದು ಇದಕ್ಕೇ. ಒಬ್ಬೊಬ್ಬರಿಗೇ ಇಲ್ಲ ಎನ್ನುತ್ತ ಹೋದರೆ, ಕೊನೆಗೆ ಉಳಿದವರ ಹೆಸರನ್ನು ನಾವೇ ಹೇಳಿದ ಹಾಗೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅವನು ಪೂರ್ತಿ ಅಂಕ ತೆಗೆದಿದ್ದ.

"ಹಾಗಾದ್ರೆ ಉಳಿದಿರೋದು ಎಂಟು..." ಎಂದು ಬ್ಯಾರಿ ಬಾಯಿ ತೆರೆದ.

"ನನಗೆ!" ಎಂದು ಕೀತ್ ಕೂಗಿದ. "ಕುರ್ಚಿ ನನಗೇ!"

ಬೀದಿಯ ತುದಿಯಲ್ಲಿ ಮಲಗಿದ್ದ ನಾಯಿ ಕೂಡ ತಲೆ ಎತ್ತಿತು. ಬ್ಯಾರಿ ಮೆಲ್ಲಗೆ ಟೋಪಿ ತೆಗೆದ. ರೇಲೀನ್ ಗಾಜು ಒರೆಸುವ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡಳು.

"ಎಷ್ಟು ದಿನದಿಂದ ಕೀತ್?"

"ಇವತ್ತಿನಿಂದ," ಎಂದ ಕೀತ್. ಅದು ನಿಜವೇ ಆಗಿತ್ತು.

"ಮತ್ತೆ ಇದನ್ನ ಹೊತ್ಕೊಂಡು ಎಲ್ಲಿಗೆ ಹೊರಟಿದ್ದೆ?"

"ಸುಮ್ಮನೆ. ರೂಢಿ ಆಗಲಿ ಅಂತ."

"ಅಯ್ಯೋ, ಈ ಸ್ಥಿತೀಲಿ ಹೊರೆ ಹೊರ್ತಾರಾ? ಕೊಡಿಲ್ಲಿ." ಬ್ಯಾರಿ ಕುರ್ಚಿಯನ್ನು ಕಿತ್ತುಕೊಂಡು ತನ್ನ ಪಿಕಪ್ಪಿನ ಹಿಂದೆ ಹಾಕಿದ. ಕೀತ್‌ನನ್ನು ತೋಳು ಹಿಡಿದು ಮುಂದೆ ಕೂರಿಸಿದ. ಕುರ್ಚಿ ಆಕೇಶಿಯಾ ಬೀದಿಗೆ ಬೆನ್ನು ಮಾಡಿ, ಊರಿನ ಇನ್ನೊಂದು ಕೊನೆಯಲ್ಲಿದ್ದ ಕೀತ್‌ನ ಮನೆಯ ಬಚ್ಚಲು ಸೇರಿತು.

ಹನ್ನೊಂದು ಗಂಟೆಗೆ ಮೊದಲ ಊಟದ ಪಾತ್ರೆ ಬಂತು. ಟ್ಯೂನಾ ಮೀನು ಹಾಕಿ ಬೇಯಿಸಿದ ಮ್ಯಾಕರೋನಿ. ಹನ್ನೆರಡರ ಹೊತ್ತಿಗೆ ಅದೇ ಅಡುಗೆ ನಾಲ್ಕು ಮನೆಯಿಂದ ಬಂದಿತ್ತು, ಜೊತೆಗೆ ಒಂದು ಕೊಡ ಕುಂಬಳಕಾಯಿ ಸೂಪು. ಪ್ರತಿ ಪಾತ್ರೆಯ ತಳಕ್ಕೂ ವಾಪಸ್ ಕೊಡಬೇಕಾದವರ ಹೆಸರಿನ ಚೀಟಿ ಅಂಟಿಸಿತ್ತು. ಫುಟ್‌ಬಾಲ್ ಕ್ಲಬ್ಬಿನವರು ಬಂದು, "ನೀನು ರೆಸ್ಟ್ ತಗೋ, ಬರೋ ವರ್ಷ ನೋಡೋಣ," ಎಂದು ಪಂದ್ಯಗಳಲ್ಲಿ ಅವನು ಊದುತ್ತಿದ್ದ ಅಂಪೈರ್ ಸೀಟಿ ಇಸಿದುಕೊಂಡು ಹೋದರು. ನಿವೃತ್ತ ಗಂಡಸರು ಸೇರಿ ಮರಗೆಲಸ ಮಾಡುವ ಶೆಡ್ಡಿನಿಂದ ಐದು ಜನ ಡ್ರಿಲ್ ಹಿಡಿದು ಬಂದು, ಬಚ್ಚಲಿನಲ್ಲಿ ಎರಡು ಹಿಡಿಕೆ, ಕಕ್ಕಸಿನಲ್ಲಿ ಎರಡು ಹಿಡಿಕೆ ಕೂರಿಸಿದರು. ಒಂದು ಉಳಿಯಿತು. ಅದನ್ನು ಫ್ರಿಜ್ಜಿನ ಪಕ್ಕ ಹೊಡೆದರು.

ಶೆಡ್ಡಿನವರು ಹೋದ ಮೇಲೂ ಬ್ಯಾರಿ ಉಳಿದು, ಒಂದು ಕೆಂಪು ಬಣ್ಣದ ಡಬ್ಬಿ ತೆಗೆದು, ಕುರ್ಚಿಯ ಬೆನ್ನಿಗೆ ಅಂಗೈ ಅಗಲದ ಅಕ್ಷರಗಳಲ್ಲಿ 'ಕೀತ್' ಎಂದು ಬರೆದ.

"ಇದ್ಯಾಕೆ?"

"ಹೆಸರು ಇರಲಿ ಗುರೂ. ನಾಳೆ ಆಸ್ಪತ್ರೆ ಅದೂ ಇದೂ ಅಂತ ಓಡಾಡೋವಾಗ ಇಂಥವು ಕಳೆದುಹೋಗ್ತವೆ. ಒಣಗೋವರೆಗೆ ಒರಗಬೇಡ."

ಒಂದು ವಿಷಯ ಇಲ್ಲಿ ಹೇಳಲೇಬೇಕು. ಇಷ್ಟೆಲ್ಲ ಫಜೀತಿಯ ನಡುವೆಯೂ ಕೀತ್ ಆ ಹಿಡಿಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಕಾಯಿಲೆ ಸುಳ್ಳು, ಆದರೆ ಹಿಡಿಕೆಗಳು ಗಟ್ಟಿಯಾಗಿದ್ದವು. ಶೆಡ್ಡಿನ ಹಿರಿಯನೊಬ್ಬ ತನ್ನ ಇಡೀ ಭಾರ ಹಾಕಿ ಜೋತುಬಿದ್ದು ಪರೀಕ್ಷೆ ಮಾಡಿದ್ದ. ಇವರಿಗೆಲ್ಲ ಹೇಗೆ ಕೃತಜ್ಞತೆ ಹೇಳುವುದು, ಹೇಳಿದರೆ ಅದು ಮೋಸವಾಗುತ್ತದೆಯೇ ಎಂದು ತಿಳಿಯದೆ ಅವನು ಎಲ್ಲರಿಗೂ ತಲೆ ಬಗ್ಗಿಸುತ್ತ ನಿಂತಿದ್ದ. ಪಾಪ, ಕತ್ತು ಕೂಡ ನಿಲ್ಲುತ್ತಿಲ್ಲ ಎಂದು ಅವರು ಹೊರಗೆ ಹೋಗಿ ಮಾತಾಡಿಕೊಂಡರು.

ಒಂದೂವರೆಗೆ ಹೆಂಡತಿ ಗ್ಲೆನಿಸ್ ಪೋಸ್ಟ್ ಆಫೀಸಿನಿಂದ ಫೋನ್ ಮಾಡಿದಳು.

"ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೀನಿ ಕೀತ್. ನಿನಗೆ ಹುಷಾರಿಲ್ಲ ಅಂತ ಸ್ಟಾಂಪ್ ತಗೊಳ್ಳೋಕೆ ಬಂದೋರ ಬಾಯಲ್ಲಿ ಕೇಳಬೇಕಾ ನಾನು?"

"ನನಗೇನೂ ಆಗಿಲ್ಲ ಗ್ಲೆನ್."

"ಮತ್ತೆ ಆ ಕುರ್ಚಿ?"

ಕೀತ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಕೇಳ್ತಿದ್ದೀನಲ್ಲ! ಕುರ್ಚಿ ನಿನ್ನದಾ, ಅಲ್ಲವಾ?"

"ಹೌದು ಅನ್ನೋಕಾಗಲ್ಲ," ಎಂದ ಕೀತ್ ಕ್ಷೀಣವಾಗಿ. "ಇಲ್ಲ ಅನ್ನೋಕೂ ಆಗಲ್ಲ."

ಆ ಕಡೆಯಿಂದ ಮೂಗು ಸೇದಿದ ಸದ್ದು ಬಂತು. ಆಮೇಲೆ ಫೋನ್ ಕಟ್ಟಾಯಿತು. ಕೀತ್ ಆ ದಿನ ಕುಸಿದು ಕೂತದ್ದು ಆಗ ಮಾತ್ರ. ಹತ್ತಿರವಿದ್ದದ್ದು ಆ ಕುರ್ಚಿಯೇ. ಬಣ್ಣ ಇನ್ನೂ ಒಣಗಿರಲಿಲ್ಲ.

ಮೂರು ಗಂಟೆಗೆ ಮನೆ ಖಾಲಿಯಾಯಿತು. ಆಕೇಶಿಯಾ ಬೀದಿಯಲ್ಲಿ ಮಿಸೆಸ್ ಹ್ಯಾಲೊರನ್ ಬೆಳಿಗ್ಗೆ ಹತ್ತರಿಂದ ಕಾಯುತ್ತಿದ್ದರು. ಕ್ಲಿನಿಕ್ಕಿನ ಕಾರು ಬೇಕರಿಯ ಹತ್ತಿರವೇ ಉಳಿದಿತ್ತು. ಬೆನ್ನಿನ ಮೇಲೆ ತನ್ನದೇ ಹೆಸರು ತಿರುಗುಮುರುಗಾಗಿ ಅಚ್ಚಾದ ಅಂಗಿಯಲ್ಲೇ ಕೀತ್ ಕುರ್ಚಿ ಎತ್ತಿಕೊಂಡು, ಹಿತ್ತಲ ಬೇಲಿ ದಾಟಿ, ಓಣಿಗೆ ಇಳಿದ. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಉಳಿದ ಬ್ರೆಡ್ಡು ಹಂಚಲು ಹೊರಟಿದ್ದ ರೇಲೀನ್ ಎದುರಾದಳು.

"ಕೀತ್! ಹಾಸಿಗೆ ಮೇಲಿರೋದು ಬಿಟ್ಟು ಎಲ್ಲಿಗೆ?"

"ಸ್ವಲ್ಪ ಅಡ್ಡಾಡಿ ಬಾ ಅಂತ ಹೇಳಿದ್ದಾರೆ."

"ಕುರ್ಚಿ ಯಾಕೆ ಮತ್ತೆ?"

"ಸುಸ್ತಾದ್ರೆ ಕೂರೋಕೆ."

"ಹಾಗಾದ್ರೆ ಕೂತ್ಕೋ ಮೊದಲು. ಮುಖ ನೋಡು, ಹಿಟ್ಟು ಮೆತ್ತಿದ ಹಾಗಾಗಿದೆ."

ಕೂರದೆ ಗತಿಯಿರಲಿಲ್ಲ. ಓಣಿಯ ನಡುವೆ ಕುರ್ಚಿ ಇಟ್ಟು ಕೀತ್ ಕೂತ. ರೇಲೀನ್ ಪಕ್ಕದಲ್ಲೇ ನಿಂತು ಅವನು ಉಸಿರಾಡುವುದನ್ನು ನೋಡಿದಳು. ಅಷ್ಟರಲ್ಲಿ ಅವನ ಮೊಬೈಲ್ ಬಡಿದುಕೊಂಡಿತು. ಕ್ಲಿನಿಕ್ಕಿನ ಮ್ಯಾನೇಜರ್ ಮಾರ್ಗೊ.

"ಕೀತ್, ನಿನ್ನ ಆರೋಗ್ಯ ಹೇಗಿದೆ ಅಂತ ನಾನು ಕೇಳೋ ಹಾಗಿಲ್ಲ, ಅದು ನಿನ್ನ ಖಾಸಗಿ ವಿಷಯ. ಆದರೆ ನಮ್ಮ ಸಿಬ್ಬಂದಿಯೊಬ್ಬರ ಕಾಯಿಲೆ ವಿಚಾರ ಊರಿಗೆಲ್ಲ ಸೋರಿಹೋಗಿದೆ. ನಿಯಮದ ಪ್ರಕಾರ ನಾನು ವರದಿ ತುಂಬಲೇಬೇಕು. ಯಾರ ಮಾಹಿತಿ ಸೋರಿದೆ? ಕೀತ್ ಪಾಸ್ಕೊ. ಸೋರಿಸಿದ್ದು ಯಾರು ಅಂತ ವಿಚಾರಿಸಿದೆ. ಎಲ್ಲರೂ ಕೀತ್ ಪಾಸ್ಕೊ ಅಂತಿದ್ದಾರೆ. ಹೌದಾ?"

"ಹೌದು, ಆದರೆ ಮಾರ್ಗೊ..." ಕೀತ್ ರೇಲೀನ್ ಕಡೆ ನೋಡಿದ. ಅವಳ ಕಿವಿ ಅವನ ಮೊಬೈಲಿಗೆ ನಾಲ್ಕು ಬೆರಳು ದೂರದಲ್ಲಿತ್ತು. "ಆದರೆ... ಏನಿಲ್ಲ."

"ಮುಂದಿನ ಪ್ರಶ್ನೆ. ತೊಂದರೆಯಾದವರ ಹತ್ರ ಕ್ಷಮೆ ಕೇಳಿದ್ದೀಯಾ?"

"ಬೆಳಿಗ್ಗೆಯಿಂದ ಕೇಳ್ತಾನೇ ಇದ್ದೀನಿ."

"ಅವರು ಒಪ್ಪಿದರಾ?"

"ಇನ್ನೂ ಇಲ್ಲ," ಎಂದ ಕೀತ್.

"ಸರಿ. ವರದಿ ಕಳಿಸಿದೆ, ಇನ್ನು ಅದನ್ನ ವಾಪಸ್ ತಗೊಳ್ಳೋಕಾಗಲ್ಲ. ಗೌಪ್ಯತೆ ತರಗತಿಗೆ ನೀನು ಮತ್ತೊಮ್ಮೆ ಸೇರಬೇಕು. ಮಂಗಳವಾರ ಸಂಜೆ."

ಅಲ್ಲಿಂದ ಆಕೇಶಿಯಾ ಬೀದಿಗೆ ಕಾಲು ಗಂಟೆಯ ದಾರಿ. ಕೀತ್‌ಗೆ ಒಂದೂಕಾಲು ಗಂಟೆ ಹಿಡಿಯಿತು. ಯಾರು ಎದುರಾದರೂ ಅವನು ಕುರ್ಚಿ ಇಳಿಸಿ ಕೂರಬೇಕು, ಅವರು ನಿಂತು ಕನಿಕರ ಪಡಬೇಕು, ಅವರು ಹೋದ ಮೇಲೆ ಎದ್ದು ಓಡಬೇಕು. ಅಂಚೆ ಕಚೇರಿಯ ಹಿಂದೆ ಒಮ್ಮೆ, ಯುದ್ಧ ಸ್ಮಾರಕದ ಮುಂದೆ ಒಮ್ಮೆ, ಈಜುಕೊಳದ ಗೇಟಿನ ಹತ್ತಿರ ಎರಡು ಸಲ ಕೂತ. ಪಾದ್ರಿಗಳು ಅವನನ್ನು ಕೂರಿಸಿಯೇ ಪ್ರಾರ್ಥನೆ ಮುಗಿಸಿದರು.

ಕೊನೆಗೆ ಎಂಟನೇ ನಂಬರಿನ ಜಗಲಿಗೆ ಬಂದು ಕುರ್ಚಿ ಇಳಿಸಿದಾಗ ಕೀತ್‌ಗೆ ನಿಜವಾಗಿಯೂ ಅದರ ಅಗತ್ಯವಿತ್ತು. ಬಾಗಿಲು ತೆರೆದ ಮಿಸೆಸ್ ಹ್ಯಾಲೊರನ್ ಅವನನ್ನೂ ಕೆಂಪಕ್ಷರವನ್ನೂ ನೋಡಿದರು.

"ಬಾರೋ ಒಳಗೆ. ರೇಲೀನ್ ಫೋನ್ ಮಾಡಿದ್ಲು. ನಿನಗೆ ಏನೋ ಆಗಿದೆಯಂತೆ. ಪಾಪ, ಕುರ್ಚಿ ನೀನೇ ಇಟ್ಕೋ, ನನಗಿಂತ ನಿನಗೇ ಹೆಚ್ಚು ಬೇಕಾಗಿರೋದು."

ಇಡೀ ಊರಿನಲ್ಲಿ ಕೀತ್ ನಿಜ ಹೇಳಬಹುದಾಗಿದ್ದ ಒಬ್ಬರೇ ಒಬ್ಬರು ಅವರು. ಅವನು ಹೇಳಿದ. ಡಬ್ಬದ ಅಜ್ಜಿಯಿಂದ ಪಾದ್ರಿಗಳ ಪ್ರಾರ್ಥನೆಯವರೆಗೆ ಒಂದೂ ಬಿಡದೆ ಹೇಳಿದ. ಫ್ರಿಜ್ಜಿನ ಪಕ್ಕದ ಹಿಡಿಕೆ ಬರುವ ಹೊತ್ತಿಗೆ ಮಿಸೆಸ್ ಹ್ಯಾಲೊರನ್ ಗೋಡೆ ಹಿಡಿದು ನಗುತ್ತಿದ್ದರು. ಆಮೇಲೆ ನಗು ನಿಲ್ಲಿಸಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿದರು.

"ಏಳು ವರ್ಷದವನಿದ್ದಾಗ ನೀನು ಆಳದ ಕಡೆ ಹೋಗಲ್ಲ ಅಂತ ನನ್ನ ಕುತ್ತಿಗೆಗೆ ಜೋತುಬಿದ್ದಿದ್ದೆ. ನೆನಪಿದೆಯಾ?"

"ಇದೆ ಮಿಸೆಸ್ ಹ್ಯಾಲೊರನ್. ನೀವು ಯಾರಿಗೂ ಹೇಳಲಿಲ್ಲ."

"ಹೇಳಲಿಲ್ಲ. ಇವತ್ತು ನೀನೂ ಹೇಳಲಿಲ್ಲ. ತುಂಬ ಉಪಕಾರ ಆಯ್ತು ಕಣೋ." ಅವರು ಕೀತ್‌ನ ಜೇಬಿನಲ್ಲಿದ್ದ ಒಪ್ಪಿಗೆ ಪತ್ರ ಇಸಿದುಕೊಂಡು, 'ಯಾರಿಗೂ ಇಲ್ಲ' ಎಂಬುದರ ಕೆಳಗೆ 'ಗ್ಲೆನಿಸ್ ಪಾಸ್ಕೊ ಒಬ್ಬಳಿಗೆ' ಎಂದು ಸೇರಿಸಿ ರುಜು ಹಾಕಿದರು. "ಮನಸ್ಸು ಬದಲಾದ್ರೆ ತಿದ್ದಬಹುದು ಅಂತ ನೀನೇ ತಾನೇ ಹೇಳಿದ್ದು? ಹೋಗಿ ಹೆಂಡತಿಗೆ ನಿಜ ಹೇಳು."

ಕೀತ್ ಬಚ್ಚಲಿನಲ್ಲಿ ಕುರ್ಚಿ ಇಟ್ಟು, ಕಾಲುಗಳ ಎತ್ತರ ಸರಿಮಾಡಿ, ಜಗಲಿಯಲ್ಲಿ ಕಾದು ಕೂತ. ಒಳಗೆ ನೀರು ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅದರ ನಡುವೆ ಹಾಡು ಕೇಳಿಸಿತು. ಮೂರು ವಾರದ ಮೇಲೆ ಮೊದಲ ಸ್ನಾನ. ಬೆಳಿಗ್ಗೆಯಿಂದ ಆದದ್ದೆಲ್ಲ ಕೀತ್‌ಗೆ ಆ ಕ್ಷಣದಲ್ಲಿ ಮರೆತುಹೋಯಿತು.

ಕೂದಲಿಗೆ ಟವೆಲ್ ಸುತ್ತಿಕೊಂಡು ಹೊರಬಂದಾಗ ಅವರಿಗೆ ಹತ್ತು ವರ್ಷ ಕಡಿಮೆಯಾದ ಹಾಗಿತ್ತು.

"ಒಂದೇ ಚಿಂತೆ ಮಿಸೆಸ್ ಹ್ಯಾಲೊರನ್. ಈಗ ನಾನು ಬರಿಗೈಲಿ ವಾಪಸ್ ಹೋದ್ರೆ, ಕುರ್ಚಿ ಎಲ್ಲಿ ಅಂತ ಎಲ್ಲರೂ ಕೇಳ್ತಾರೆ."

"ಅದಕ್ಕೂ ಯೋಚನೆ ಮಾಡಿದ್ದೀನಿ." ಅವರು ಫೋನ್ ಎತ್ತಿ ಬೇಕರಿಗೆ ಮಾಡಿದರು. "ರೇಲೀನ್, ಕೀತ್ ಇಲ್ಲೇ ಇದ್ದಾನೆ. ಗಾಬರಿ ಏನಿಲ್ಲ. ಅವನಿಗೆ ನೀರಿನ ಭಯ ಬಂದಿದೆ ಅಷ್ಟೆ. ಬಚ್ಚಲ ನೀರು ಕಂಡ್ರೂ ಕಾಲು ನಡುಗುತ್ತಂತೆ. ಹೌದಮ್ಮ, ಈ ವಯಸ್ಸಲ್ಲಿ! ಕುರ್ಚಿ ನನ್ನ ಮನೇಲೇ ಇರಲಿ. ವಾರಕ್ಕೆ ಎರಡು ದಿನ ಇಲ್ಲೇ ಬಂದು ಸ್ನಾನ ಮಾಡ್ಕೊಂಡು ಹೋಗ್ತಾನೆ. ನಾನು ಮತ್ತೆ ಮೊದಲಿನಿಂದ ಹೇಳಿಕೊಡ್ತೀನಿ."

ಫೋನ್ ಇಟ್ಟು, ಬಿಸಿ ಚಹಾದ ಕಪ್ಪು ಅವನ ಮುಂದೆ ತಳ್ಳಿ, "ಇನ್ನು ನನ್ನ ಬಚ್ಚಲಿಗೆ ಯಾರು ಬಂದು ನೋಡಿದ್ರೂ ಭಯ ಇಲ್ಲ. ನಿನ್ನ ಹೆಸರೇ ಬರೆದಿದೆಯಲ್ಲ," ಎಂದರು.

ಕೀತ್ ಮನೆ ಸೇರುವಾಗ ಹೊತ್ತು ಇಳಿದಿತ್ತು. ಗ್ಲೆನಿಸ್‌ಗೆ ಅವನು ಎಲ್ಲ ಹೇಳಿದ. ಅವಳು ಮೊದಲು ಅವನನ್ನು ತಬ್ಬಿಕೊಂಡಳು, ಆಮೇಲೆ ಅಂಗಿಯ ಬೆನ್ನು ನೋಡಿ ಬೈದಳು, ಆಮೇಲೆ ಮ್ಯಾಕರೋನಿ ಬಿಸಿಮಾಡಿದಳು. ಎಲ್ಲ ಮುಗಿಯಿತು ಎಂದು ಅವನು ತುತ್ತು ಬಾಯಿಗಿಡುವಷ್ಟರಲ್ಲಿ ಗೇಟಿನ ಹತ್ತಿರ ಯಾರೋ ಕೆಮ್ಮಿದರು. ಬೆಳಿಗ್ಗೆ ಅವನ ಮನೆಗೆ ನೆರವಿಗೆಂದು ಬಂದಿದ್ದವರಲ್ಲೇ ಒಬ್ಬರು. ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಕೀತ್, ನೀನು ಧೈರ್ಯವಾಗಿ ನನಗೇ ಅಂತ ಊರ ಮುಂದೆ ಹೇಳಿದೆಯಲ್ಲ, ಅದನ್ನ ಕೇಳಿದ ಮೇಲೆ ನನಗೂ ಕೇಳೋಣ ಅನ್ನಿಸ್ತು. ಮಂಡಿ ನಿಲ್ತಿಲ್ಲಪ್ಪ. ಅಂಥದ್ದೇ ಒಂದು ಕುರ್ಚಿ ಸಿಗುತ್ತಾ? ಆದರೆ ಯಾರಿಗೂ ಗೊತ್ತಾಗಬಾರದು." ಗೇಟಿನ ಮೇಲೆ ಬಗ್ಗಿ, "ಅದರ ಮೇಲೂ ನಿನ್ನ ಹೆಸರೇ ಬರೆದುಬಿಡು. ಯಾರಾದ್ರೂ ನೋಡಿದ್ರೆ ನೀನು ಇಲ್ಲೂ ಸ್ನಾನಕ್ಕೆ ಬರ್ತೀಯ ಅಂತೀನಿ," ಎಂದರು.

ಆಮೇಲೆ ಆ ತಿಂಗಳು ಕ್ಲಿನಿಕ್ಕಿಗೆ ಇನ್ನೂ ಆರು ಸ್ನಾನದ ಕುರ್ಚಿ ಬಂದವು. ಬಾಗಿಲಲ್ಲಿ ಅವನ್ನು ಇಳಿಸಿಕೊಂಡು ರುಜು ಹಾಕಿದವಳು ಅಲ್ಲೇ ಕೆಲಸಕ್ಕಿರುವ ನಾನೇ, ಆದ್ದರಿಂದ ಲೆಕ್ಕ ತಪ್ಪಿಲ್ಲ. ಆರನ್ನೂ ಕೀತ್ ಹಿಂಬಾಗಿಲಿನಿಂದ ತೆಗೆದುಕೊಂಡು ಹೋದ. ವಾಂಬೆಲಾದ ಏಳು ಮನೆಗಳಲ್ಲಿ ಈಗ ಅವನ ಹೆಸರಿನ ಕುರ್ಚಿ ಇದೆ. ಅವನಷ್ಟು ಸ್ನಾನ ಮಾಡುವ ಮನುಷ್ಯ ಈ ರಾಜ್ಯದಲ್ಲೇ ಇಲ್ಲ ಎಂದು ಊರಿನಲ್ಲಿ ಮಾತಿದೆ. ಅಂಪೈರ್ ಸೀಟಿ ಅವನಿಗೆ ವಾಪಸ್ ಬಂದಿಲ್ಲ. ಆ ಆರು ಮನೆ ಯಾವುವು ಎಂದು ಒಮ್ಮೆ ನಾನು ಕೇಳಿದೆ. ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಇನ್ನೊಂದು ಸಂಗತಿ ಮಾತ್ರ ನನಗೆ ಇಂದಿಗೂ ತಿಳಿಯದು. ಎರಡನೇ ಕುರ್ಚಿ ಬಂದ ದಿನ ಕೀತ್ ಕೆಂಪು ಬಣ್ಣ ಬೇಕೆಂದು ಬ್ಯಾರಿಯ ಅಂಗಡಿಗೆ ಹೋದನಂತೆ. ಬ್ಯಾರಿ ಡಬ್ಬಿಯನ್ನು ಮೊದಲೇ ಕಾಗದದಲ್ಲಿ ಸುತ್ತಿ ಕೌಂಟರಿನ ಕೆಳಗೆ ಇಟ್ಟಿದ್ದನಂತೆ. ಊರಿನ ಪ್ರತಿ ಮೊಳೆಗೂ ಯಾಕೆ, ಯಾರಿಗೆ ಎಂದು ಕೇಳುವ ಬ್ಯಾರಿ ಅವತ್ತು ಏನನ್ನೂ ಕೇಳಲಿಲ್ಲ. ಅವನಿಗೂ ಈಜು ಕಲಿಸಿದವರು ಮಿಸೆಸ್ ಹ್ಯಾಲೊರನ್ನೇ. ಆ ದಿನ ಬೆರಳು ಮಡಚುತ್ತ ಎಂಟನೇ ನಂಬರಿಗೆ ಬಂದವನು ಎಲ್ಲ ತಿಳಿದೇ ಕುರ್ಚಿಯ ಮೇಲೆ ಕೀತ್‌ನ ಹೆಸರು ಬರೆದನೋ, ಇಲ್ಲ ನಿಜವಾಗಿಯೂ ಕುರ್ಚಿ ಕಳೆದುಹೋದೀತೆಂದೇ ಬರೆದನೋ, ನನಗೆ ಗೊತ್ತಿಲ್ಲ. ಅವನನ್ನು ಕೇಳೋಣವೆಂದರೆ, ಕೇಳಿದರೇ ಗುಟ್ಟು ಹೇಳಿದ ಹಾಗಾಗುತ್ತದೆ.